ಗಾರ್ಡ್ ಭಾವನ ಲೆಕ್ಕ

ಜೂನ್ 4, ಮಂಗಳವಾರ

ನಿನ್ನ ಪರೀಕ್ಷೆಯ ರೈಲಿನ ಲೆಕ್ಕದಲ್ಲಿ ಎರಡು ರೈಲೂ ಓಡುತ್ತಿವೆ ಎಂಬಲ್ಲಿಗೆ ನಿನ್ನೆ ಮಾತು ನಿಂತಿತಲ್ಲ, ಸಾಸಿವೆ, ಅಲ್ಲಿಂದಲೇ ಹಿಡಿಯುತ್ತೇನೆ. ಫೋನಿನಲ್ಲಿ ನೀನು ಕೂಗಿ ಕೂಗಿ ಹೇಳಿದ್ದರಲ್ಲಿ ನನ್ನ ಕಿವಿಗೆ ಬಿದ್ದದ್ದು ಅರ್ಧ, ಅರ್ಥವಾದದ್ದು ಅದರಲ್ಲಿ ಅರ್ಧ. ಗೂಡ್ಸ್ ಗಾಡಿಯ ಬಾಲಕ್ಕೆ ಕಟ್ಟಿದ ಡಬ್ಬಿಯಲ್ಲಿ ಜೀವಮಾನವೆಲ್ಲ ಗಾರ್ಡ್ ಆಗಿ ಕೂತವನ ಕಿವಿ ಇನ್ನು ಹೇಗಿದ್ದೀತು. ಅದಕ್ಕೇ ಕಾಗದ. ಲೆಕ್ಕಕ್ಕಂತೂ ಕಾಗದವೇ ಸರಿ. ಬಾಯಲ್ಲಿ ಹೇಳಿದ ಲೆಕ್ಕ ನೀರಿನ ಮೇಲೆ ಬರೆದ ಹಾಗೆ.

ನನಗೆ ತಿಳಿದದ್ದು ಸರಿಯೋ ನೋಡು. ನಿಮ್ಮ ಆಸ್ಪತ್ರೆಯ ಬಟ್ಟೆ ಉಗ್ರಾಣದಲ್ಲಿ ಗುಮಾಸ್ತರ ಜಾಗ ಖಾಲಿಯಾಗಿದೆ. ಲಾಂಡ್ರಿಯಲ್ಲಿ ದುಡಿಯುವವರೂ ಪರೀಕ್ಷೆ ಬರೆಯಬಹುದು. ಪರೀಕ್ಷೆ ಆಗಸ್ಟ್ ಹನ್ನೊಂದಕ್ಕೆ. ಇನ್ನೊಂದು ಸಲ ಕರೆಯುವ ಹೊತ್ತಿಗೆ ನಿನಗೆ ವಯಸ್ಸು ಮೀರಿರುತ್ತದೆ. ಹಬೆ, ಬ್ಲೀಚುಗಳ ನಡುವೆ ಇನ್ನೂ ನಿಂತರೆ ಎದೆ ಪೂರ್ತಿ ಕೆಡುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ನೀನು ನಗುತ್ತಾ ಹೇಳಿದೆ. ನಗುವಿನ ನಡುವೆ ಕೆಮ್ಮಿದ್ದು ಮಾತ್ರ ನನಗೆ ಸ್ಪಷ್ಟವಾಗಿ ಕೇಳಿಸಿತು.

ಈಗ ಲೆಕ್ಕ. ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷಿನಲ್ಲೇ ಓದಿದವನು ನಾನು. ನಮ್ಮ ಪ್ರೊಫೆಸರು ಬೋರ್ಡಿನ ಮೇಲೆ ರೆಲೆಟಿವ್ ವೆಲಾಸಿಟಿ ಎಂದು ಬರೆದು, ಕೆಳಗೆ ಗೆರೆ ಎಳೆದು, "ಲೆಟ್ ಅಸ್ ಸಪೋಸ್" ಎನ್ನುತ್ತಿದ್ದರು. ಮುಂದೆ ಏನನ್ನು ಸಪೋಸ್ ಮಾಡಿದರೋ ಮರೆತುಹೋಗಿದೆ. ಆದರೆ ಬೀಗದ ಕೈ ಇರುವುದು ಆ ಸಪೋಸ್‌ನಲ್ಲೇ. ನಿನ್ನ ರೈಲು ಓಡುತ್ತಲೇ ಇಲ್ಲ, ನಿಂತಿದೆ ಎಂದುಕೋ. ನಿನ್ನ ವೇಗವನ್ನೂ ಎದುರಿನವನ ತಲೆಗೇ ಕಟ್ಟು. ನೀನು ಗಂಟೆಗೆ ನಲವತ್ತು ಕಿಲೋಮೀಟರ್, ಅವನು ಐವತ್ತು. ನೀನು ನಿಂತೆ, ಅವನು ತೊಂಬತ್ತರಲ್ಲಿ ಬಂದ. ಎದುರುಬದುರಾದರೆ ಕೂಡಿಸು, ಇಷ್ಟೇ. ಎತ್ತು ಏರಿಗೆಳೆಯಿತು ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಅಲ್ಲಿ ಹಗ್ಗ ಅಷ್ಟು ಬೇಗ ಬಿಗಿಯಾಗುವುದು ಯಾಕೆ? ಎರಡರ ವೇಗವೂ ಅದರ ಮೇಲೆ ಬಿದ್ದದ್ದಕ್ಕೆ.

ನಿಮ್ಮಕ್ಕ ಇದ್ದಿದ್ದರೆ, "ಅವಳು ಕೇಳಿದ್ದು ಒಂದು, ನೀವು ಹೇಳ್ತಿರೋದು ಹದಿನಾರು" ಎನ್ನುತ್ತಿದ್ದಳು. ಅವಳು ಹೋದಮೇಲೆ ಈ ಮನೆಯಲ್ಲಿ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ನೀನು ಕೇಳಿದೆ. ಅದಕ್ಕೆ ಥ್ಯಾಂಕ್ಸ್. ನನ್ನ ಊಟ, ನಿದ್ದೆ, ಓಡಾಟ ಎಲ್ಲ ಕ್ರಮವಾಗಿ ನಡೆದಿದೆ, ಚಿಂತೆ ಬೇಡ.

ನಿನ್ನ ಭಾವ


ಜೂನ್ 13, ಗುರುವಾರ

ಭಾವನಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಮೊದಲನೇ ಸಲ ಎತ್ತು ಕೋಣಗಳ ಕಾಲಡಿ ಸಿಕ್ಕಿ ಲೆಕ್ಕ ಕಾಣಿಸಲಿಲ್ಲ. ಎರಡನೇ ಸಲವೂ ಕಾಣಿಸಲಿಲ್ಲ ಎಂದೇ ಇಟ್ಟುಕೊಳ್ಳಿ. ಕಂಡದ್ದು ಲಾಂಡ್ರಿಯಲ್ಲಿ.

ಇಲ್ಲಿ ಹಾಸಿಗೆಯ ಚಾದರ ಮಡಿಸುವುದು ಇಬ್ಬರ ಕೆಲಸ. ಒಂದೊಂದು ತುದಿ ಹಿಡಿದು ನಾನೂ ಇಸ್ತ್ರಿ ಅಕ್ಕನೂ ದೂರ ನಿಂತು ಜಾಡಿಸುತ್ತೇವೆ, ಆಮೇಲೆ ಎದುರುಬದುರಾಗಿ ನಡೆದು ತುದಿಗೆ ತುದಿ ಸೇರಿಸುತ್ತೇವೆ. ಮೊನ್ನೆ ಅವರ ಮಂಡಿ ಹಿಡಿದುಕೊಂಡಿತ್ತು. "ಇವತ್ತು ನಾನು ಕಂಬ ಕಣೇ, ನೀನೇ ಬಾ" ಎಂದು ನಿಂತಲ್ಲೇ ನಿಂತರು. ನಾನೊಬ್ಬಳೇ ನಡೆದೆ. ಹಿಂದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಸೇರುತ್ತಿದ್ದ ಚಾದರ ಸೇರುವುದೇ ಇಲ್ಲ. ಅದೇ ಹೊತ್ತಿಗೆ ಸೇರಬೇಕಾದರೆ ಅವರ ನಡಿಗೆಯನ್ನೂ ನಾನೇ ನಡೆಯಬೇಕು, ಅಂದರೆ ಎರಡರಷ್ಟು ಬೇಗ. ಚಾದರ ಹಿಡಿದು ಅಲ್ಲೇ ನಿಂತುಬಿಟ್ಟೆ.

"ಏನೇ, ದೆವ್ವ ಮೆಟ್ಟಿತಾ?" ಎಂದರು.

"ಇಲ್ಲ ಅಕ್ಕ, ರೈಲು ಮೆಟ್ಟಿತು" ಎಂದೆ.

ಎದುರುಬದುರು ಇನ್ನು ನನಗೆ ಹೆದರಿಕೆಯಿಲ್ಲ. ಒಂದೇ ದಿಕ್ಕಿನಲ್ಲಿ ಹೋಗುವ ರೈಲಿಗೆ ಮಾತ್ರ ಕಳೆಯಬೇಕಂತೆ. ಯಾಕೆ ಎಂದು ಸಂಜೆ ತರಗತಿಯ ಮೇಷ್ಟ್ರನ್ನು ಕೇಳಿದರೆ, "ಸೂತ್ರ ಬರ್ಕೊಳ್ಳಮ್ಮ, ಅದರ ಹೊಟ್ಟೆ ಯಾಕೆ ಬಗೀತೀಯ" ಎಂದರು. ನೀವು ಹೇಳಿ. ಆದರೆ ರೈಲು ಬೇಡ ಭಾವ, ಬೀದಿಯದು ಕೊಡಿ. ನಿಮ್ಮ ಓಡಾಟ ಕ್ರಮವಾಗಿ ನಡೆದಿದೆಯಲ್ಲ, ಹೊರಗೆ ಕಣ್ಣಿಗೆ ಬಿದ್ದದ್ದನ್ನೇ ಬರೆಯಿರಿ.

ನಿಮ್ಮ ನಾದಿನಿ


ಜೂನ್ 24, ಸೋಮವಾರ

ಚಿರಂಜೀವಿ ಸಾಸಿವೆ,

ಚಾದರದ ಲೆಕ್ಕ ಓದಿ ಒಬ್ಬನೇ ಕೂತು ನಕ್ಕೆ. ನಮ್ಮ ಪ್ರೊಫೆಸರಿಗೆ ಚಾದರ ಮಡಿಸಲು ಬರುತ್ತಿದ್ದರೆ ನಾನು ಆ ವರ್ಷ ಪಾಸಾಗುತ್ತಿದ್ದೆ.

ಬೀದಿಯದು ಕೇಳಿದೆ. ಕೆಳಗಿಳಿದೆ. ಮೆಟ್ಟಿಲ ಬುಡದಲ್ಲಿ ದರ್ಜಿಯ ಅಂಗಡಿ ಇದೆಯಲ್ಲ, ಅವನು ಸೂಜಿಗೆ ದಾರ ಪೋಣಿಸುತ್ತಿದ್ದವನು ತಲೆ ಎತ್ತಿ, "ಏನ್ ಸಾರ್, ಮನೆಗೆ ಬೆಂಕಿ ಬಿತ್ತಾ?" ಎಂದ.

"ಇಲ್ಲಪ್ಪ, ಸುಮ್ಮನೆ ಇಳಿದೆ."

"ನೀವು ಸುಮ್ಮನೆ ಇಳಿಯೋದು ಅಂದ್ರೆ ಸೂರ್ಯ ಸುಮ್ಮನೆ ಪಶ್ಚಿಮದಲ್ಲಿ ಹುಟ್ಟಿದ ಹಾಗೆ" ಎಂದು ಗೊಣಗಿದ. ಅವನ ಮಾತನ್ನು ತಲೆಗೆ ಹಚ್ಚಿಕೊಳ್ಳಬೇಡ. ಅವನಿಗೆ ಅಳತೆಯಲ್ಲಿ ಎರಡಿಂಚು ಹೆಚ್ಚು ಹಿಡಿಯುವುದು ಅಭ್ಯಾಸ.

ಬೀದಿಯಲ್ಲಿ ನನ್ನ ಮುಂದೆ ಕೊಡೆ ಹಿಡಿದ ಮುದುಕಿಯೊಬ್ಬಳು ಹೋಗುತ್ತಿದ್ದಳು. ನನಗಿಂತ ಕೂದಲೆಳೆಯಷ್ಟು ನಿಧಾನ. ಅವಳನ್ನು ದಾಟಬೇಕು ಎಂದು ಹೆಜ್ಜೆ ಹಾಕಿದೆ. ಔಷಧಿ ಅಂಗಡಿ ಹೋಯಿತು, ಬೀಗ ರಿಪೇರಿಯವನು ಹೋದ, ಚಪ್ಪಲಿ ಅಂಗಡಿ ಹೋಯಿತು. ಅಂಗಡಿಗಳೆಲ್ಲ ಸರಸರ ಹಿಂದೆ ಸರಿದವು, ಕೊಡೆ ಮಾತ್ರ ಮೂಗಿನ ಮುಂದೆಯೇ ಇತ್ತು. ಕಡೆಗೆ ಅವಳೇ ತಿರುಗಿ, "ಹೋಗೋ ಹಾಗಿದ್ರೆ ಹೋಗಪ್ಪ, ಎಷ್ಟೊತ್ತು ಬೆನ್ನಿಗೆ ಉಸಿರು ಬಿಡ್ತೀಯ" ಎಂದಳು. ದಟ್ ಈಸ್ ದಿ ಪಾಯಿಂಟ್. ಅಂಗಡಿಗಳ ಲೆಕ್ಕದಲ್ಲಿ ನಾನು ನಡೆಯುತ್ತಿದ್ದೆ. ಮುದುಕಿಯ ಲೆಕ್ಕದಲ್ಲಿ ತೆವಳುತ್ತಿದ್ದೆ. ಅವಳ ಮಟ್ಟಿಗೆ ನನ್ನ ವೇಗ ಎಂದರೆ ನನ್ನದರಲ್ಲಿ ಅವಳದನ್ನು ಕಳೆದು ಮಿಕ್ಕಿದ್ದಷ್ಟೇ. ಅವಳೂ ನನ್ನಷ್ಟೇ ಬೇಗ ನಡೆದಿದ್ದರೆ ಮಿಕ್ಕುವುದು ಸೊನ್ನೆ. ಊರ ಕೊನೆವರೆಗೂ ನಾನು ಅವಳ ಬೆನ್ನಿಗೇ ಉಸಿರು ಬಿಡುತ್ತಿರಬೇಕಿತ್ತು.

ಇನ್ನು ಎರಡು ರೈಲು ಒಂದನ್ನೊಂದು ದಾಟಲು ಎಷ್ಟು ಹೊತ್ತು ಎಂಬ ಲೆಕ್ಕ. ಇದು ಯಾವ ಮೇಷ್ಟ್ರಿಗೂ ನನ್ನಷ್ಟು ಗೊತ್ತಿರಲಾರದು, ನಾನು ಕಣ್ಣಾರೆ ಕಂಡವನು. ನಿನ್ನ ರೈಲು ಇನ್ನೂರು ಮೀಟರ್ ಉದ್ದ, ಎದುರಿನದು ಮುನ್ನೂರು ಎಂದುಕೋ. ವೇಗ ಅದೇ ನಲವತ್ತು, ಐವತ್ತು. ಕೂಡಿಸಿದರೆ ತೊಂಬತ್ತು. ಅದನ್ನು ಐದರಿಂದ ಗುಣಿಸಿ ಹದಿನೆಂಟರಿಂದ ಭಾಗಿಸಿದರೆ ಸೆಕೆಂಡಿಗೆ ಇಪ್ಪತ್ತೈದು ಮೀಟರ್. ಈಗ ನಿನ್ನ ರೈಲನ್ನು ಮರೆತುಬಿಡು. ನೀನು ಕೂತಿರುವುದೇ ಅದರಲ್ಲಿ, ಅದರ ಉದ್ದ ಕಟ್ಟಿಕೊಂಡು ನಿನಗೇನು? ಎದುರಿನ ಮುನ್ನೂರು ಮೀಟರ್ ನಿನ್ನ ಕಣ್ಣ ಮುಂದೆ ಸರಿದರೆ ಮುಗಿಯಿತು. ಮುನ್ನೂರನ್ನು ಇಪ್ಪತ್ತೈದರಿಂದ ಭಾಗಿಸು. ಹನ್ನೆರಡು ಸೆಕೆಂಡ್. ಗಾರ್ಡಿನ ಸೂತ್ರ ಎಂದು ಬರೆದುಕೋ.

ನಿನ್ನ ಭಾವ


ಜುಲೈ 3, ಬುಧವಾರ

ಭಾವನಿಗೆ ನಮಸ್ಕಾರ.

ಕೊಡೆಯ ಮುದುಕಿ ನನ್ನ ಜೊತೆಗೇ ಇದ್ದಾಳೆ. ಕಾರಿಡಾರಿನಲ್ಲಿ ಬಟ್ಟೆ ಗಾಡಿ ತಳ್ಳುವಾಗ ಮುಂದಿನ ಗಾಡಿಯವಳ ಬೆನ್ನು ನೋಡುತ್ತಾ ಕಳೆಯುತ್ತಾ ಹೋಗುತ್ತೇನೆ. ನೀವು ಕೆಳಗಿಳಿದದ್ದು ಓದಿ ಎಷ್ಟು ಸಂತೋಷವಾಯಿತು ಎಂದು ಬರೆಯಲು ಬರುವುದಿಲ್ಲ.

ಭಾನುವಾರ ತರಗತಿಯಲ್ಲಿ ಮಾದರಿ ಪರೀಕ್ಷೆ ಇತ್ತು. ಪರವಾಗಿಲ್ಲ. ರೈಲು ದಾಟುವ ಲೆಕ್ಕ ನಿಮ್ಮದೇ ಬಂದಿತ್ತು. ಅದೇ ಉದ್ದ, ಅದೇ ವೇಗ. ಆ ಲೆಕ್ಕ ತೆಗೆದ ಪುಸ್ತಕದ ಹಿಂದೆ ಉತ್ತರ ಇಪ್ಪತ್ತು ಸೆಕೆಂಡ್ ಎಂದಿದೆ. ನಮ್ಮದು ಹನ್ನೆರಡು. ಅಚ್ಚಿನ ತಪ್ಪಿರಬಹುದಾ ಭಾವ? ಬಿಡುವಾದಾಗ ಒಂದು ಸಲ ನೋಡಿ.

ನಿಮ್ಮ ನಾದಿನಿ


ಜುಲೈ 9, ಮಂಗಳವಾರ

ಚಿರಂಜೀವಿ ಸಾಸಿವೆ,

ಇರಬಹುದಾ ಅಲ್ಲ, ಅಚ್ಚಿನ ತಪ್ಪೇ. ಪ್ರಿಂಟರ್ಸ್ ಡೆವಿಲ್ ಎಂದು ಇಂಗ್ಲಿಷಿನಲ್ಲಿ ಅದಕ್ಕೊಂದು ಹೆಸರೇ ಇದೆ. ಮೇಜಿನ ಮುಂದೆ ಕೂತು ಪುಸ್ತಕ ಬರೆಯುವವರು ಎದುರು ಗಾಡಿಯ ಗಾಳಿ ಮುಖಕ್ಕೆ ಹೊಡೆದದ್ದನ್ನು ಕಂಡಿದ್ದಾರೆಯೇ? ಎದುರು ಇಂಜಿನ್ ನನ್ನ ಡಬ್ಬಿಯ ಹತ್ತಿರ ಬಂದಾಗ ಶುರು, ಅವರ ಗಾರ್ಡು ಹಸಿರು ಬಾವುಟ ತೋರಿಸಿ ದಾಟಿದಾಗ ಮುಗಿಯಿತು. ನಾನೂ ಬಾವುಟ ತೋರಿಸಬೇಕು, ಅದು ನಿಯಮ. ನಿನ್ನ ಗಾಡಿ ಸರಿಯಾಗಿದೆ, ನನ್ನದೂ ಸರಿಯಾಗಿದೆ ಎಂದು. ಸಾವಿರ ಸಲ ದಾಟಿದ್ದೇನೆ. ಇಪ್ಪತ್ತಂತೆ. ಇಪ್ಪತ್ತು ಬಂದರೆ ಕೈಗೆ ಹಾಕಿದ ಗಡಿಯಾರ ತೆಗೆದು ದರ್ಜಿಗೆ ಕೊಟ್ಟುಬಿಡುತ್ತೇನೆ.

ನೀನು ಧೈರ್ಯವಾಗಿ ಹನ್ನೆರಡೇ ಬರೆ.

ಈಗ ದಿನಾ ಇಳಿಯುತ್ತೇನೆ. ಮುದುಕಿಗೂ ನನಗೂ ಪರಿಚಯವಾಗಿದೆ. "ಇವತ್ತು ಯಾವ ಲೆಕ್ಕ?" ಎಂದು ಕೇಳುತ್ತಾಳೆ.

ನಿನ್ನ ಭಾವ


ಜುಲೈ 18, ಗುರುವಾರ

ಭಾವ,

ಕಾಗದ ಬಂತು. ಸರಿ. ಇಲ್ಲಿ ಕೆಲಸ ಹೆಚ್ಚು. ಒಣಗಿಸುವ ಯಂತ್ರ ಒಂದು ಕೆಟ್ಟಿದೆ. ರಾತ್ರಿ ಕೆಮ್ಮಿಗೆ ನಿದ್ದೆ ಇಲ್ಲ. ಪರೀಕ್ಷೆ ಮುಗಿಯುವವರೆಗೆ ಬರೆಯಲಾಗುವುದಿಲ್ಲವೇನೋ.

ಆರೋಗ್ಯ ನೋಡಿಕೊಳ್ಳಿ.


ಜುಲೈ 28, ಭಾನುವಾರ

ಸಾಸಿವೆ,

ಇದನ್ನು ಮೊದಲು ಓದು, ಮಿಕ್ಕದ್ದು ಆಮೇಲೆ. ಎರಡು ರೈಲು ಒಂದನ್ನೊಂದು ದಾಟುವ ಲೆಕ್ಕದಲ್ಲಿ ಎರಡರ ಉದ್ದವನ್ನೂ ಕೂಡಿಸು. ಇನ್ನೂರು, ಮುನ್ನೂರು ಸೇರಿ ಐನೂರು. ಐನೂರನ್ನು ಇಪ್ಪತ್ತೈದರಿಂದ ಭಾಗಿಸಿದರೆ ಇಪ್ಪತ್ತು. ಪುಸ್ತಕ ಸರಿ. ನಾನು ತಪ್ಪು. ದರ್ಜಿಯ ಕೈಯಿಂದ ಫೋನ್ ಮಾಡಿಸಿದೆ, ನೀನು ಪಾಳಿಯಲ್ಲಿದ್ದೆಯೋ ಏನೋ, ಎತ್ತಲಿಲ್ಲ. ಈ ಕಾಗದ ಹನ್ನೊಂದರ ಒಳಗೆ ನಿನ್ನ ಕೈ ಸೇರಲಿ.

ನಿನ್ನ ಚಿಕ್ಕ ಕಾಗದ ಓದಿ, ಪಾಪ ದಣಿದಿದ್ದಾಳೆ, ಆ ಪುಸ್ತಕದ ತಪ್ಪನ್ನು ಸಾಬೀತು ಮಾಡಿ ಕಳಿಸಿದರೆ ಹುರುಪು ಬರುತ್ತದೆ ಎಂದುಕೊಂಡೆ. ಇವತ್ತು ದರ್ಜಿಗೆ ರಜೆ. ಅವನನ್ನು ಎಳೆದುಕೊಂಡು ಸ್ಟೇಷನ್ನಿನ ಆಚೆ ಹಳಿ ದಾಟಲು ಕಬ್ಬಿಣದ ಸೇತುವೆ ಇದೆಯಲ್ಲ, ಅದನ್ನು ಹತ್ತಿದೆ. ಕಂಬಿ ಹಿಡಿದು ಎರಡು ಕಡೆ ನಿಂತು ಸುಧಾರಿಸಿಕೊಂಡೆ. ಬಹಳ ಹೊತ್ತಿನ ಮೇಲೆ ಎರಡು ಗೂಡ್ಸ್ ಎದುರುಬದುರು ಬಂದವು. "ಇಂಜಿನ್‌ಗೆ ಇಂಜಿನ್ ಮುಖ ತಾಗಿದ ಕೂಡಲೇ ಎಣಿಸು" ಎಂದು ದರ್ಜಿಗೆ ಹೇಳಿದ್ದೆ. ಅವನು ಎಣಿಸುತ್ತಲೇ ಇದ್ದ.

"ನಿಲ್ಸಯ್ಯ, ಆಗ್ಲೇ ಮುಗೀತು" ಎಂದೆ.

"ಎಲ್ ಸಾರ್ ಮುಗೀತು? ಬಗ್ಗಿ ನೋಡಿ. ನಿಮ್ಮ ಡಬ್ಬಿ ಇನ್ನೂ ಅವರ ಹೊಟ್ಟೆ ಪಕ್ಕದಲ್ಲೇ ಇದೆ."

ಬಗ್ಗಿ ನೋಡಿದೆ ಸಾಸಿವೆ. ಇಷ್ಟು ವರ್ಷ ರೈಲಿನಲ್ಲಿದ್ದವನು ಎರಡು ರೈಲು ದಾಟುವುದನ್ನು ಮೇಲಿನಿಂದ ನೋಡಿದ್ದು ಇವತ್ತೇ ಮೊದಲು. ಬಾಲದಿಂದ ಬಾಲ ಕಳಚಿಕೊಂಡಾಗಲಷ್ಟೇ ದಾಟುವುದು ಮುಗಿಯುತ್ತದೆ. ನಾನು ಕೂರುತ್ತಿದ್ದದ್ದು ಕಟ್ಟಕಡೆಯ ಡಬ್ಬಿಯಲ್ಲಿ. ಎದುರು ಇಂಜಿನ್ ನನ್ನ ಗಾಡಿಯ ಉದ್ದವನ್ನೆಲ್ಲ ಆಗಲೇ ಹಾದು ನನ್ನ ಹತ್ತಿರ ಬರುತ್ತಿತ್ತು. ಡ್ರೈವರುಗಳಿಬ್ಬರೂ ಮುಖಾಮುಖಿಯಾಗಿ ಎಂಟು ಸೆಕೆಂಡಾದ ಮೇಲೆ ನನ್ನ ಗಡಿಯಾರ ಶುರುವಾಗುತ್ತಿತ್ತು. ಆ ಎಂಟು ನನ್ನ ಲೆಕ್ಕದಲ್ಲಿ ಯಾವತ್ತೂ ಇರಲಿಲ್ಲ.

ಕುಣಿಯಲಾರದವನು ನೆಲ ಡೊಂಕು ಎಂದ ಹಾಗೆ ಪುಸ್ತಕವನ್ನು ಬೈದೆ. ನಿನಗೆ ಹನ್ನೆರಡೇ ಬರೆ ಎಂದೆ. ಇದ್ದದ್ದು ಇದೊಂದೇ ಅವಕಾಶ, ಅದರಲ್ಲಿ ನನ್ನ ಮಾತು ಕೇಳಿ ಅಂಕ ಹೋದರೆ ನಾನು ನಿನ್ನ ಎದೆಯ ಮೇಲೆ ಇನ್ನಷ್ಟು ಹಬೆ ಬಿಟ್ಟ ಹಾಗಾಗುತ್ತದೆ. ಈ ಕಾಗದಕ್ಕೆ ಉತ್ತರ ಬರೆಯಬೇಡ, ಓದಿಕೋ. ಗಡಿಯಾರವನ್ನು ದರ್ಜಿಗೆ ಕೊಡಲು ಹೋದೆ. "ನಿಂತುಹೋಗಿರೋ ಗಡಿಯಾರ ನಂಗ್ಯಾಕೆ ಸಾರ್" ಎಂದ. ನೋಡಿದರೆ ನಿಜಕ್ಕೂ ನಿಂತಿತ್ತು.

ನಿನ್ನ ಭಾವ


ಆಗಸ್ಟ್ 12, ಸೋಮವಾರ

ಭಾವನಿಗೆ ನಮಸ್ಕಾರಗಳು.

ಪರೀಕ್ಷೆ ಮುಗಿಯಿತು. ನಿಮ್ಮ ಕಾಗದ ಆಗಸ್ಟ್ ಮೊದಲಲ್ಲೇ ಬಂದಿತ್ತು. ಬರೆಯಬೇಡ ಎಂದಿರಿ, ಬರೆಯಲಿಲ್ಲ. ಈಗ ಎಲ್ಲ ಬರೆಯುತ್ತೇನೆ.

ಉತ್ತರ ಇಪ್ಪತ್ತು ಎಂದು ನನಗೆ ಮಾದರಿ ಪರೀಕ್ಷೆಯ ದಿನವೇ ಗೊತ್ತಾಗಿತ್ತು. ಮೇಷ್ಟ್ರು ನನ್ನ ಹಾಳೆ ಎತ್ತಿ ಹಿಡಿದು, "ಇವರ ರೈಲು ಎಲ್ಲಿ ಹೋಯ್ತಪ್ಪ, ಹಳಿ ಮೇಲೆ ಕರಗಿ ಹೋಯ್ತಾ?" ಎಂದರು. ತರಗತಿಯೆಲ್ಲ ನಕ್ಕಿತು. ಅಚ್ಚಿನ ತಪ್ಪಾ ಎಂದು ನಿಮ್ಮನ್ನು ಕೇಳಿದ್ದು ಸುಳ್ಳು. ದರ್ಜಿಯವರಿಗೆ ನಾನು ಆಗಾಗ ಫೋನ್ ಮಾಡುತ್ತೇನೆ ಭಾವ. ಅಕ್ಕ ಹೋದಮೇಲೆ ನೀವು ಮೆಟ್ಟಿಲೇ ಇಳಿದಿಲ್ಲ, ಊಟದ ಡಬ್ಬಿಯನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆದುಕೊಳ್ಳುತ್ತೀರಿ ಎಂದು ಹೇಳಿದ್ದರು. ಬೀದಿಯ ಉದಾಹರಣೆ ಕೇಳಿದ್ದು ಅದಕ್ಕೇ. ನೀವು ಇಳಿದಿರಿ. ಅದೇ ಕಾಗದದಲ್ಲಿದ್ದ ಲೆಕ್ಕವನ್ನು ತಪ್ಪು ಎಂದರೆ ಮತ್ತೆ ಮೇಲೆ ಹತ್ತಿ ಬಾಗಿಲು ಹಾಕಿಕೊಳ್ಳುತ್ತೀರೇನೋ ಎಂದು ಹೆದರಿದೆ. ಆಮೇಲೆ ನೀವು ಹನ್ನೆರಡೇ ಬರೆ ಎಂದಾಗ ಸಿಟ್ಟೂ ಬಂತು. ಆ ಚಿಕ್ಕ ಕಾಗದ ದಣಿವಿನದಲ್ಲ, ಸಿಟ್ಟಿನದು. ನೀವು ದಣಿವು ಎಂದೇ ಓದಿಕೊಂಡಿರಿ, ಬದುಕಿದೆ.

ಈಗ ಕೇಳಿ. ನಿನ್ನೆ ಬಂದ ಪ್ರಶ್ನೆ ಇದು: ಒಂದು ರೈಲಿನ ಕಿಟಕಿಯಲ್ಲಿ ಕೂತ ಪ್ರಯಾಣಿಕನ ಮುಂದೆ ಎದುರು ರೈಲು ಪೂರ್ತಿ ಸರಿಯಲು ಎಷ್ಟು ಹೊತ್ತು? ಎರಡರ ಉದ್ದವನ್ನೂ ಕೊಟ್ಟಿದ್ದರು, ಬೇಕೆಂದೇ. ಪೆನ್ನು ಎರಡನ್ನೂ ಕೂಡಿಸಲು ಹೊರಟಿತ್ತು. ಆಗ ಹಸಿರು ಬಾವುಟ ಹಿಡಿದು ಕೂತ ನೀವು ಕಂಡಿರಿ. ಯಾರು ನೋಡುತ್ತಿದ್ದಾರೆ ಎಂದು ಮೊದಲು ಕೇಳಿಕೊಂಡೆ. ಕೂತವನು ನೋಡುತ್ತಿದ್ದರೆ ಎದುರಿನದಷ್ಟೇ, ಮೇಲಿನಿಂದ ನೋಡುತ್ತಿದ್ದರೆ ಎರಡೂ. ಸೂತ್ರ ಮಾತ್ರ ಕಲಿತವರು ಬಹಳ ಜನ ಕೂಡಿಸಿ ಬಂದಿದ್ದಾರೆ. ಮೇಷ್ಟ್ರ ಸೂತ್ರ, ನಿಮ್ಮ ತಪ್ಪು, ಎರಡೂ ಇದ್ದದ್ದಕ್ಕೆ ನನಗೆ ವ್ಯತ್ಯಾಸ ಗೊತ್ತಾಯಿತು. ಫಲಿತಾಂಶ ಏನೇ ಬರಲಿ, ಇದು ನಿಮ್ಮದು.

ಇನ್ನೊಂದು ಮಾತು. ಆ ಕಬ್ಬಿಣದ ಸೇತುವೆ ನನಗೆ ಗೊತ್ತು. ನಿಮ್ಮ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿದ್ದಾಗ ಅಕ್ಕ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಳು. ನಿಮ್ಮ ಗಾಡಿ ಬರುವ ಹೊತ್ತನ್ನು ಸ್ಟೇಷನ್ನಿನ ಪೋರ್ಟರು ಹೇಳಿ ಕಳಿಸುತ್ತಿದ್ದ. ಇಂಜಿನ್ ಹೋದ ಕೂಡಲೇ ನಾನು, "ಹೋಯ್ತಲ್ಲ, ನಡಿಯೇ" ಎಂದು ಸೆರಗು ಎಳೆಯುತ್ತಿದ್ದೆ. "ತಡಿಯೇ, ನಮ್ಮದು ಕೊನೇಲಿದೆ" ಎನ್ನುತ್ತಿದ್ದಳು. ನಿಮ್ಮ ಡಬ್ಬಿ ಸೇತುವೆಯ ಕೆಳಗೆ ಹಾದು ತಿರುವಿನಲ್ಲಿ ಮರೆಯಾಗುವವರೆಗೂ ಕದಲುತ್ತಿರಲಿಲ್ಲ. ನಿಮಗೆ ಹೇಳಬಾರದೆಂದು ಅವಳ ಅಪ್ಪಣೆಯಾಗಿತ್ತು. "ಹೇಳಿದ್ರೆ ಮೇಲೆ ನೋಡ್ತಾ ಕೂರ್ತಾರೆ, ಕೆಲಸ ಕೆಡುತ್ತೆ" ಎಂದಿದ್ದಳು. ಈಗ ಕೆಲಸ ಕೆಡುವುದಿಲ್ಲವಲ್ಲ.

ನಿಮ್ಮ ನಾದಿನಿ


ಆಗಸ್ಟ್ 30, ಶುಕ್ರವಾರ

ಚಿರಂಜೀವಿ ಸಾಸಿವೆ,

ಬುಧವಾರ ದರ್ಜಿ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದು ನನ್ನ ಕಿವಿಗೆ ಬಾಯಿಟ್ಟು, "ಪಾಸು ಸಾರ್, ಉಗ್ರಾಣ ಸಾರ್, ಸೋಮವಾರದಿಂದ" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. ಕಿವುಡನಿಗೆ ಸುದ್ದಿ ಹೇಳಿದರೆ ಊರಿಗೇ ಹೇಳಿದ ಹಾಗೆ. ಕೊಡೆಯ ಮುದುಕಿ ಕೆಳಗಿನಿಂದಲೇ, "ಯಾವ ಲೆಕ್ಕ ಸರಿ ಬಂತು?" ಎಂದಳು. ಇನ್ನು ನೀನು ಹಬೆಯಲ್ಲಿ ನಿಲ್ಲಬೇಕಿಲ್ಲ. ಒಣಗಿದ ಬಟ್ಟೆಯ ಕೋಣೆ, ಕಿಟಕಿ ಇರುತ್ತದೆ, ಕೂರಲು ಕುರ್ಚಿ ಇರುತ್ತದೆ. ಕಿಟಕಿ ತೆರೆದಿಟ್ಟುಕೋ. ಇಸ್ತ್ರಿ ಅಕ್ಕನಿಗೆ ನನ್ನ ನಮಸ್ಕಾರ ಹೇಳು, ಅವರ ಮಂಡಿಗೂ.

ನಿನ್ನ ಹಿಂದಿನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಾಗಲಿಲ್ಲ. ಕೂರುತ್ತಿದ್ದೆ, ಪೆನ್ನಿನ ಮುಚ್ಚಳ ತೆಗೆಯುತ್ತಿದ್ದೆ, ಮತ್ತೆ ಹಾಕುತ್ತಿದ್ದೆ. ಹಗ್ಗದ ಡಬ್ಬಿಯ ವಿಷಯ ನಿನಗೆ ಗೊತ್ತಿತ್ತು, ಗೊತ್ತಿಲ್ಲದ ಹಾಗೆ ನನ್ನನ್ನು ಬೀದಿಗೆ ಇಳಿಸಿದೆ. ಸಿಟ್ಟು ಬಂದಾಗಲೂ ಆರೋಗ್ಯ ನೋಡಿಕೊಳ್ಳಿ ಎಂದೇ ಬರೆದೆ. ಐ ಆಮ್ ಗ್ರೇಟ್‌ಫುಲ್ ಎಂದು ಬರೆದು ನೋಡಿದೆ, ಅರ್ಜಿಯ ಕೊನೆಯ ಸಾಲಿನ ಹಾಗೆ ಕಂಡಿತು, ಹೊಡೆದು ಹಾಕಿದೆ. ಋಣ ಎಂದರೆ ತೀರಿಸಬೇಕಾದದ್ದು ಎನ್ನಿಸುತ್ತದೆ. ಇದನ್ನು ತೀರಿಸುವ ಆಸೆ ನನಗಿಲ್ಲ, ಇಟ್ಟುಕೊಳ್ಳುತ್ತೇನೆ.

ಇನ್ನು ಸೇತುವೆ. ನಾನು ನೋಡಬೇಕಾದದ್ದು ಏನೇನು ಎಂದು ನಿನಗೆ ಗೊತ್ತೇ? ಮುಂದಿನ ಡಬ್ಬಿಗಳು, ಚಕ್ರದ ಹತ್ತಿರ ಹೊಗೆಯೇನಾದರೂ ಇದೆಯೇ ಎಂದು, ಸಿಗ್ನಲ್, ಎದುರು ಗಾಡಿಯ ಗಾರ್ಡು, ಹಿಂದೆ ಬಿಟ್ಟ ಹಳಿ. ಸೇತುವೆಯ ಕೆಳಗೆ ಹಾದಾಗ ಒಂದು ಕ್ಷಣ ನೆರಳು ಬೀಳುತ್ತಿತ್ತು, ಅಷ್ಟೇ ನನಗೆ ಗೊತ್ತಿದ್ದದ್ದು. ಒಂದು ಸಲವೂ ತಲೆ ಎತ್ತಲಿಲ್ಲ. ನಿನ್ನ ಕಾಗದ ಓದಿದಾಗ ಮೊದಲು ಬಂದದ್ದು ಅಳು. ಎಷ್ಟು ಸಲ ನಿಂತಿದ್ದಳೋ, ಎಷ್ಟು ಸಲ ಬರಿಗೈಯಲ್ಲಿ ಇಳಿದು ಹೋದಳೋ ಎಂದು. ಮನೆಗೆ ಬಂದರೆ ಏನೂ ತಿಳಿಯದವಳ ಹಾಗೆ, "ಗಾಡಿ ಹೊತ್ತಿಗೆ ಬಂತಾ?" ಎಂದು ಕೇಳುತ್ತಿದ್ದಳು. ನಾನು ಕೈಕಾಲು ತೊಳೆಯುತ್ತಾ, "ಹೂಂ" ಎನ್ನುತ್ತಿದ್ದೆ.

ನಿನ್ನೆ ಒಬ್ಬನೇ ಹೋಗಿ ಸೇತುವೆ ಹತ್ತಿದೆ. ಗೂಡ್ಸ್ ಒಂದು ಬಂತು, ಉದ್ದದ್ದು. ಇಂಜಿನ್ ಹೋಯಿತು, ಕಲ್ಲಿದ್ದಲಿನ ಡಬ್ಬಿಗಳು ಹೋದವು, ಹೋಗುತ್ತಲೇ ಇದ್ದವು. ಕಂಬಿ ಹಿಡಿದು ಕಾದೆ. ಕಡೆಗೆ ಗಾರ್ಡಿನ ಡಬ್ಬಿ ಬಂತು. ಬಾಗಿಲಲ್ಲಿ ಒಬ್ಬ ಹುಡುಗ ನಿಂತಿದ್ದ, ಹೊಸಬನಿರಬೇಕು, ಬಾವುಟವನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದ. ನಾನು ಕೈ ಎತ್ತಿದೆ. ಅವನು ನೋಡಲಿಲ್ಲ. ಮುಂದಿನ ಡಬ್ಬಿಗಳ ಮೇಲೇ ಅವನ ಕಣ್ಣು. ಸರಿಯಾಗಿಯೇ ಮಾಡಿದ, ಅದು ಅವನ ಕೆಲಸ. ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದೆ. ನನಗೇನೂ ಬೇಸರವಾಗಲಿಲ್ಲ ಸಾಸಿವೆ. ಅವನು ತಲೆ ಎತ್ತಲಿಲ್ಲವಲ್ಲ ಎಂದು ಅನ್ನಿಸಲೇ ಇಲ್ಲ. ಸುಮ್ಮನೆ, ಇವನು ಮನೆ ಮುಟ್ಟಲಿ ಎನ್ನಿಸಿತು. ಹಗುರಾಗಿ ಮೆಟ್ಟಿಲು ಇಳಿದೆ. ಅವಳಿಗೂ ಹೀಗೇ ಆಗುತ್ತಿತ್ತೋ ಏನೋ. ಆಗುತ್ತಿತ್ತು ಎಂದೇ ಇಟ್ಟುಕೊಳ್ಳುತ್ತೇನೆ, ಲೆಟ್ ಅಸ್ ಸಪೋಸ್.

ಅವಳು ಆಗ ಯಾವ ಬಣ್ಣದ ಸೀರೆ ಉಡುತ್ತಿದ್ದಳು, ಕಂಬಿಯ ಯಾವ ಕಡೆ ನಿಲ್ಲುತ್ತಿದ್ದಳು, ನೆನಪಿದ್ದರೆ ಬರೆ. ಇನ್ನೂ ಕೇಳಬೇಕು ಎಂದುಕೊಂಡಿದ್ದು ಒಂದಿತ್ತು, ಏನೋ ಪೋರ್ಟರಿನ ವಿಷಯ, ಕಿಟಕಿಯ ಬೆಳಕು ಇಳಿಯುತ್ತಿದೆ, ಈ ಸಾಲು ಮೇಲಿನ ಸಾಲಿನ ಮೇಲೆ ಏರಿದೆಯೋ ಏನೋ ಕಾಣಿಸುತ್ತಿಲ್ಲ, ಮಿಕ್ಕದ್ದು ನಾಳೆ ಬೆಳಕಿನಲ್ಲಿ.

ನಿನ್ನ ಭಾವ